ತಾರಸಿ ಕ್ಯಾಮೆರಾ ಕಂಡ ಗೋಡೆ

ಕೆಂಪರಾಜ್ ನನ್ನನ್ನು ಗೋಡೆ ಕಟ್ಟಲು ಹಾಕಿದ್ದ ಸಾರ್ವೆ ಹತ್ತಿಸಿ, ಕಾಲರ್ ಹಿಡಿದು ಗೋಡೆಯಾಚೆ ಬಗ್ಗಿಸಿದ. ಕೆಳಗೆ ನಾಲ್ಕು ಮಹಡಿ... ಅದರ ಕೆಳಗೆ ಕಗ್ಗದಾಸಪುರದ ಒಂದು ಸಂದಿ.

“ಆ ಕ್ಯಾಮೆರಾದ ಮೆಮೊರಿ ಕಾರ್ಡ್ ಎಲ್ಲಿ?”

“ಯಮುನಾ ಮೇಡಂ ಲಾಯರ್ ಹತ್ರ ಇದೆ.”

“ಅದನ್ನ ತರೋಕೆ ತಾನೇ ನಿನ್ನ ಇಟ್ಕೊಂಡಿದ್ದು?”

ಹೌದು. ಇಂಥ ಕೆಲಸಗಳೇ ನನ್ನ ಹೊಟ್ಟೆಪಾಡು.

ಕೆಂಪರಾಜನ ಅಪ್ಪ ಬೈಲಪ್ಪನವರ ಕಟ್ಟಡಕ್ಕೆ ಪಕ್ಕದ ಮನೆಯ ಯಮುನಾ ಕೋರ್ಟಿನಿಂದ ಸ್ಟೇ ತಂದಿದ್ದರು. ಸ್ಟೇ ಬಂದ ಮೇಲೂ ಇವರು ನಾಲ್ಕನೇ ಮಹಡಿ ಎಬ್ಬಿಸಿದರು. ಸ್ಟೇಗೆ ಮೊದಲೇ ಎಲ್ಲ ಮುಗಿದಿತ್ತು ಎಂದು ಅಫಿಡವಿಟ್ ಹಾಕಿದರು. ಸುಳ್ಳು ಬಯಲಾದರೆ ಮಹಡಿ ನೆಲಸಮ. ಅಷ್ಟರಲ್ಲಿ ಯಮುನಾ ತಾರಸಿಯ ಮೇಲೆ ಇವರಿಗೊಂದು ಕ್ಯಾಮೆರಾ ಕಂಡಿತು.

ಹೋದ ವಾರ ಆಕೆಯನ್ನು ಬೆದರಿಸಲು ಹೋದೆ. ಆಕೆ ಕಾಫಿ ಕೊಟ್ಟು ಲ್ಯಾಪ್‌ಟಾಪ್ ತೆರೆದರು.

“ಚೀಪ್ ಸಿಸಿಟಿವಿ ಕ್ಯಾಮೆರಾ ರೀ. ಕತ್ತಲಲ್ಲೂ ಚೆನ್ನಾಗಿ ಕಾಣುತ್ತೆ. ನೇರ ಮೇಲಕ್ಕೆ ತಿರುಗಿಸಿಟ್ಟಿದೀನಿ. ಈ ಊರಲ್ಲಿ ನಮ್ ಕಣ್ಣಿಗೆ ನಾಲ್ಕು ನಕ್ಷತ್ರ ಕಾಣಲ್ಲ. ಇದಕ್ಕೆ ರಾಶಿ ರಾಶಿ ಕಾಣುತ್ತೆ.”

ಪರದೆಯ ಮೇಲೆ ಒಂದು ಚುಕ್ಕೆ ನಿಧಾನವಾಗಿ ದಾಟಿಹೋಯಿತು.

“ಅದೇನು?”

“ಸ್ಯಾಟಲೈಟ್. ಯಾವುದು ಎಷ್ಟೊತ್ತಿಗೆ ಬರುತ್ತೆ ಅಂತ ಲೆಕ್ಕ ಇರುತ್ತೆ. ವಿಡಿಯೊ ಯಾವತ್ತಿಂದು ಅಂತ ಅದೇ ಹೇಳ್ಬಿಡುತ್ತೆ.”

ಬೈಲಪ್ಪನವರ ಕಟ್ಟಡ ಅದರಲ್ಲಿ ಎಲ್ಲೂ ಇರಲಿಲ್ಲ. ಬರೀ ಆಕಾಶ. ಬಂದು ಹಾಗೆಯೇ ಹೇಳಿದೆ.

“ಆಕಾಶನ ಯಾರಾದ್ರೂ ವಿಡಿಯೊ ಮಾಡ್ತಾರೇನೋ?” ಬೈಲಪ್ಪ ನಕ್ಕರು. “ನನಗೇ ಕಿವಿಗೆ ಹೂವ ಇಡ್ತೀಯಾ?”

ಅವತ್ತೇ ಕ್ಯಾಮೆರಾಗೆ ಅಡ್ಡವಾಗಿ ಮಹಡಿಯ ಮೇಲೆ ಗೋಡೆ ಏಳತೊಡಗಿತು. ದಿನಕ್ಕಿಷ್ಟು ಹಾಲೋ ಬ್ಲಾಕ್. ತುದಿಯಲ್ಲಿ ನಾಲಿಗೆ ಚಾಚಿದ ದೃಷ್ಟಿ ಬೊಂಬೆ ಬೇರೆ.

ಇವತ್ತು ಮತ್ತೆ ಹೋದಾಗ ಯಮುನಾ ಹೊಸ ವಿಡಿಯೊಗಳನ್ನು ತೋರಿಸಿದರು. ಏಳುತ್ತಿದ್ದ ಗೋಡೆಗೆ ಮರೆಯಾಗಿ ಅಂಚಿನ ನಕ್ಷತ್ರಗಳು ದಿನದಿನಕ್ಕೆ ಕಮ್ಮಿಯಾಗಿದ್ದವು. ಸ್ಯಾಟಲೈಟು ಅರ್ಧ ದಾರಿಯಲ್ಲೇ ಬೊಂಬೆಯ ಹಿಂದೆ ಮಾಯವಾಗುತ್ತಿತ್ತು. ಸ್ಟೇ ಇದ್ದಾಗ ಗೋಡೆ ಕಟ್ಟಿ ಸಿಕ್ಕಿಬಿದ್ದವರ ಮಹಡಿಯ ಮಾತನ್ನು ಯಾವ ಜಡ್ಜ್ ನಂಬುತ್ತಾರೆ ಹೇಳಿ? ಕಾರ್ಡ್ ಆಗಲೇ ಲಾಯರ್ ಕೈ ಸೇರಿ, ಕ್ಯಾಮೆರಾಗೆ ಹೊಸದು ಬಿದ್ದಿತ್ತು. ನನಗೆ ನಗುವೂ ಬಂತು, ಸಿಟ್ಟೂ ಬಂತು.

“ತಳ್ಳಿಬಿಡ್ಲಾ ಅಪ್ಪಾ?” ನನ್ನ ಕಾಲರ್ ಬಿಡದೆಯೇ ಕೆಂಪರಾಜ್ ಹಿಂದೆ ನಿಂತಿದ್ದ ಬೈಲಪ್ಪನವರನ್ನು ಕೇಳಿದ.

ಮುಸ್ಸಂಜೆ ಕಪ್ಪಾಗಿತ್ತು. ನನಗೆ ನಿಜಕ್ಕೂ ಭಯವಾಯಿತು.

“ಸಾರ್... ಕ್ಯಾಮೆರಾ ಆನ್ ಆಗಿದೆ. ನಾನೂ ಇವ್ನೂ ಇಬ್ರೂ ಅದ್ರಲ್ಲಿ ಕಾಣ್ತಿದೀವಿ. ಎಲ್ಲ ನಿಮ್ ಗೋಡೆ ಪುಣ್ಯ.”

ಕೆಂಪರಾಜ್ ನನ್ನನ್ನು ಒಳಗೆಳೆದು ಅಂಗಿಯ ಧೂಳು ಕೊಡವಿದ. ತಲೆ ಎತ್ತಲೇ ಇಲ್ಲ.

ಬೈಲಪ್ಪ ಗೋಡೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

“ಗೋಡೆನೇ ಇಲ್ದಿದ್ರೆ ಏನ್ ಮಾಡ್ತಾಳೆ? ಕರೀರೋ ಆಳುಗಳ್ನ. ಈಗ್ಲೇ ಕೆಡವ್ರಿ.”

ಆಳುಗಳು ಬಂದರು. ಬೊಂಬೆ ಇಳಿಯಿತು. ಬ್ಲಾಕುಗಳು ಇಳಿದವು. ಕ್ಯಾಮೆರಾದಲ್ಲಿ ಅಷ್ಟಷ್ಟೇ ನಕ್ಷತ್ರಗಳು ವಾಪಸ್ ಬಂದವು.

ಅದೂ ರೆಕಾರ್ಡ್ ಆಯಿತು.