ಕ್ಲಿನಿಕ್ ಬೇಡವೆಂದವಳು

"ಬಾಯಿ ತೆಗೀರಿ..."

ಮಾಸ್ಕಿನ ಹಿಂದಿನಿಂದ ಬಂದ ಆ ಧ್ವನಿ ಕೇಳಿ ಶಿವರಂಜನಿ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಳು.

ಸಿದ್ದೇಶ!

ಹೊಳೆನರಸೀಪುರದ ಚಿಕ್ಕಮ್ಮನ ಮನೆಗೆ ಬಂದಿದ್ದವಳಿಗೆ ಬೆಳಗಿನಿಂದ ದವಡೆ ಹಲ್ಲು ಸಿಡಿಯುತ್ತಿತ್ತು. ಸಂಜೆ ತಡೆಯಲಾರದೆ ಹತ್ತಿರದ ಕ್ಲಿನಿಕ್ಕಿಗೆ ಬಂದಿದ್ದಳು. ಬೋರ್ಡಿನಲ್ಲಿದ್ದದ್ದು ಬೇರೆ ಡಾಕ್ಟರ ಹೆಸರು. ಇವನು ಇಲ್ಲಿ ಹೇಗೆ?

ಅವನಿಗೂ ಗುರುತು ಸಿಕ್ಕಿತು. ಒಂದು ಕ್ಷಣ ಕೈ ನಿಂತಿತು. ಆಮೇಲೆ ಏನೂ ಆಗದವನಂತೆ, "ಯಾವ ಕಡೆ ನೋವು?" ಎಂದ.

ಎಡಗೆನ್ನೆ ಮುಟ್ಟಿ ತೋರಿಸಿದಳು. ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ಹಾಸನದಲ್ಲಿ ಹಲ್ಲಿನ ಡಾಕ್ಟರಿಕೆ ಓದುವಾಗ ಇಬ್ಬರೂ ಒಂದೇ ಬ್ಯಾಚ್. ಓದು ಮುಗಿದರೆ ಮದುವೆ, ಅರಕಲಗೂಡಿನಲ್ಲಿ ಇಬ್ಬರದೂ ಸೇರಿ ಒಂದು ಕ್ಲಿನಿಕ್ ಎಂದು ಎರಡೂ ಮನೆಯವರು ಒಪ್ಪಿದ್ದರು. ಸಿದ್ದೇಶನ ತಂದೆ ಗಂಗಾಧರಯ್ಯ ತಮ್ಮ ಬಿತ್ತನೆ ಬೀಜದ ಅಂಗಡಿಯ ಮಧ್ಯೆ ಗೋಡೆ ಎಬ್ಬಿಸಿ, ಕ್ಲಿನಿಕ್ಕಿಗೆಂದು ಒಂದು ರೂಮು ಮಾಡಿ, ಅವಳನ್ನು ಕರೆದು ತೋರಿಸಿದ್ದರು.

"ನಮ್ ಸೊಸೆ ಕುಂತ್ಕಳೋ ಜಾಗ ಕಣವ್ವ ಇದು. ಗಾಳಿ ಬೆಳಕು ಸಾಕಾ ನೋಡ್ಬುಡು!"

ಅವಳು ನಕ್ಕು ತಲೆಯಾಡಿಸಿದ್ದಳು. ಆದರೆ ರೋಗಿಯ ಬಾಯಿಗೆ ಸಿರಿಂಜ್ ಹಿಡಿದಾಗಲೆಲ್ಲ ಅವಳ ಅಂಗೈ ಬೆವರುತ್ತಿತ್ತು. ಈ ಕೆಲಸ ನನ್ನದಲ್ಲ... ಹೇಗೆ ಹೇಳಲಿ?

ಹೇಳಲೇ ಇಲ್ಲ! ಔಷಧಿಗಳ ಅಡ್ಡಪರಿಣಾಮ ಪರಿಶೀಲಿಸುವ ಕೆಲಸ ಮೈಸೂರಿನಲ್ಲಿ ಸಿಕ್ಕಿದ್ದೇ, 'ನನ್ನಿಂದಾಗಲ್ಲ, ಕ್ಷಮಿಸು' ಎಂದೊಂದು ಮೆಸೇಜ್ ಹಾಕಿ ಹೊರಟುಬಿಟ್ಟಳು. ಅವನ ಫೋನ್ ಎತ್ತಲಿಲ್ಲ.

"ಸ್ವಲ್ಪ ಚುಚ್ಚತ್ತೆ," ಎಂದ ಸಿದ್ದೇಶ.

ಅವಳ ಕಣ್ಣಂಚಿನಿಂದ ನೀರು ಇಳಿಯಿತು.

"ನೋವಾಯ್ತಾ?"

ಅವಳು ಇಲ್ಲವೆಂದು ಕೈಯಾಡಿಸಿದಳು. ಇಷ್ಟು ಮೆತ್ತಗೆ ಕೇಳಬೇಡ ಸಿದ್ದು... ಬೈದುಬಿಡು!

ಚಿಕಿತ್ಸೆ ಮುಗಿದಾಗ ಅರ್ಧ ನಾಲಿಗೆ ಜೋಮು ಹಿಡಿದಿತ್ತು. ತೊದಲುತ್ತಲೇ ಕೇಳಿದಳು, "ನಿಮ್ಮ ಅಪ್ಪಾಜಿ ಹೇಗಿದ್ದಾರೆ?"

"ಚೆನ್ನಾಗವ್ರೆ. ಆ ರೂಮಲ್ಲಿ ಗೊಬ್ಬರದ ಮೂಟೆ ಇಟ್ಟವ್ರೆ."

"ನನ್ನಿಂದ್ಲೇ ನಿನ್ನ ಕ್ಲಿನಿಕ್ ಆಗ್ಲಿಲ್ಲ..."

"ಇಲ್ಲ ಕಣೇ. ನೀನು ಹೋದ್ಮೇಲೆ ನಂಗೂ ಸ್ವಂತ ಕ್ಲಿನಿಕ್ ಬೇಡ ಅನ್ನಿಸ್ತು. ಬೆಳಿಗ್ಗೆ ಮಲ್ಲಿಪಟ್ಟಣದ ಕಡೆ ಸ್ಕೂಲ್ ಮಕ್ಕಳ ಹಲ್ಲು ನೋಡ್ತೀನಿ, ಸಂಜೆ ಇಲ್ಲಿ ಈ ಡಾಕ್ಟರ ಹತ್ರ ಕೆಲಸ. ಅದೇ ಒಗ್ಗೋಯ್ತು."

"ಕೋಪ ಇಲ್ವಾ?"

"ಇತ್ತು... ಕ್ಲಿನಿಕ್ ಬಿಟ್ಟೆ ಅಂತಲ್ಲ. ನನ್ನೇ ಬೇಡ ಅಂದೆಯಲ್ಲ ಅಂತ."

ಅವಳು ಗಾಬರಿಯಾದಳು. "ನಿನ್ನ ಬೇಡ ಅಂತ ನಾನೆಲ್ಲಿ ಅಂದೆ? ಕ್ಲಿನಿಕ್ ಬೇಡ ಅಂದ್ರೆ ಮದುವೇನೂ ಇಲ್ಲ ಅಂದ್ಕೊಂಡೆ. ಅಪ್ಪಾಜಿ ಮುಖ ನೋಡೋಕಾಗದೆ ಹೇಡಿ ಥರ ಓಡ್ಹೋದೆ!"

ಸಿದ್ದೇಶ ಮಾಸ್ಕ್ ತೆಗೆದು ಸ್ಟೂಲಿನ ಮೇಲೆ ಕುಸಿದು ಕೂತ.

"ಕಾಲೇಜಲ್ಲಿ ನಿನ್ನ ಭಯ ನಂಗೆ ಕಾಣ್ತಿತ್ತು ರಂಜು. ಸರಿಹೋಗತ್ತೆ ಬಿಡು ಅಂದೆನೇ ಹೊರ್ತು, ನಿಂಗೇನಿಷ್ಟ ಅಂತ ಒಂದ್ಸಲನೂ ಕೇಳ್ಲಿಲ್ಲ. ತಪ್ಪು ನಂದೂ ಇದೆ. ಈಗ ಕೇಳ್ತೀನಿ... ನಿಂಗೇನು ಬೇಕು?"

ಅವಳು ಕಣ್ಣೊರೆಸಿಕೊಂಡಳು.

"ಮೈಸೂರಿನ ಕೆಲಸ ಬಿಡಲ್ಲ. ಅಪ್ಪಾಜಿ ಹತ್ರ ಬಂದು ನಾನೇ ಕ್ಷಮೆ ಕೇಳ್ಬೇಕು. ಆಮೇಲೆ..."

"ಆಮೇಲೆ?"

"ನೀನು ಬೇಕು."

"ತೊದಲ್ತಾ ಇದೀಯ, ಅರ್ಥ ಆಗ್ಲಿಲ್ಲ," ಎಂದ. ಅವನ ಕಣ್ಣೂ ತುಂಬಿತ್ತು. "ಇನ್ನೊಂದ್ಸಲ ಹೇಳು."

"ನೀನು ಬೇಕು ಕಣೋ!"