ಕಪ್ಪು ಅಕ್ಷರ ಒತ್ತಿದ ಹಡಗು

"ಆ ಲಕೋಟಿ ಇದ್ದಲ್ಲೇ ಇರಲಿ ಬಿಡ್ರಿ, ಮಾಸ್ತರ. ಅದರ ಮ್ಯಾಲಿನ ಚೀಟಿ ಮಾತ್ರ ಬಿಡಸಬ್ಯಾಡ್ರಿ," ಎಂದಳು ಮನೆಯೊಡತಿ ಗುರುಸಿದ್ದವ್ವ.

೧೯೭೮ರ ಬೇಸಗೆಯಲ್ಲಿ ಹುನಗುಂದದ ಅಂಚೆ ಕಚೇರಿಗೆ ವರ್ಗವಾಗಿ ಬಂದಿದ್ದ ಕಾಶಪ್ಪ ನಕ್ಕ. ಹನ್ನೊಂದು ವರ್ಷಕ್ಕೆ ಇದು ಏಳನೆಯ ಊರು. ಹೆಂಡತಿ ಬನಶಂಕರಿ ದಿನ ತುಂಬಿ ಕೆರೂರಿನ ತವರಿನಲ್ಲಿದ್ದಳು. ಗಂಟುಮೂಟೆ ಕಟ್ಟಿ ಬಿಚ್ಚಿ ಸಾಕಾಗಿಹೋದ ಈ ಮನುಷ್ಯನಿಗೆ ಇದ್ದ ಒಂದೇ ಹುಚ್ಚು ಅಂಚೆಚೀಟಿಯದು. ಅಂಥವನಿಗೆ ಬಾಡಿಗೆ ಮನೆಯ ಗೋಡೆಯ ಮಾಡದಲ್ಲಿ ಸಿಕ್ಕಿದ್ದು ಜರ್ಮನ್ನರ ಪೂರ್ವ ಆಫ್ರಿಕಾದ ಚೀಟಿ! ಕೈಸರನ ಹಡಗು, ಅದರ ಮೇಲೆ, ಆ ನೆಲ ಗೆದ್ದ ಇಂಗ್ಲಿಷರು ಒತ್ತಿದ ಕಪ್ಪು ಅಕ್ಷರ.

"ನಮ್ಮಪ್ಪ ಅಲ್ಲಿ ಜರ್ಮನ್ ಲಡಾಯಿದಾಗ ಸತ್ತಾಗ ಬಂದ ಕಾಗದ ಅದು," ಎಂದಳು ಮುದುಕಿ. "ಸಾವಿನ ಕಾಗದ ಹೊಸ್ತಲ ಹೊರಗ ಓದಿ, ಅಲ್ಲೇ ಹರದು, ತಲಿಮ್ಯಾಲೆ ನೀರು ಹಾಕ್ಕೋಬೇಕು. ನಮ್ಮವ್ವ ಹರೀಲಿಲ್ಲ. ಅಪ್ಪನ್ನ ಲಡಾಯಿಗೆ ಕಳಿಸಿದ ಕಾಕಾನ ಮ್ಯಾಲಿನ ಸಿಟ್ಟಿಗೆ ಮಾಟ ಮಾಡಿಸಿ ಇಟ್ಲು. ಚೀಟಿ ಬಿಡಿಸಿದವರ ಮನಿಗೆ ಆ ಸುದ್ದಿ ಹೊಕ್ಕೈತಿ."

"ಯವ್ವಾ, ಸುದ್ದಿ ಮುಟ್ಟಸೋದು ನಮ್ಮ ಇಲಾಖೆದ ಕೆಲಸ. ನಿನಗ್ಯಾಕ ಆ ಚಿಂತಿ?" ಎಂದು ಅವನು ಬಾಗಿಲು ಹಾಕಿಕೊಂಡ.

ನಡುಮಧ್ಯಾಹ್ನ. ಬಿಸಿಗಾಳಿಗೆ ಕಿಟಕಿ ಮುಚ್ಚಿದ್ದ ಕೋಣೆ ಗವ್ವೆನ್ನುವ ಕತ್ತಲು. ಬೋಗುಣಿಯ ನೀರಿನಲ್ಲಿ ಲಕೋಟೆಯನ್ನು ನೆನೆಯಿಟ್ಟ. ಅಂಟು ಬಿಡುತ್ತಿದ್ದಂತೆ ಹಸಿ ಮಣ್ಣಿನ ವಾಸನೆ ಎದ್ದಿತು. ಹಿಂದೆಯೇ ಉಪ್ಪು, ಕೀವು ಬೆರೆತ ನಾತ. ಗೋಡೆಯೊಳಗೆ ಯಾರೋ ಕೆಮ್ಮಿದರು. ಹಲ್ಲಿ ಇರಬೇಕು ಎಂದುಕೊಂಡ. ಹಲ್ಲಿ ಕೆಮ್ಮುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಚೀಟಿ ಬಿಟ್ಟುಕೊಂಡಿತು. ಹಡಗು ಇತ್ತು. ಕಪ್ಪು ಅಕ್ಷರ ಇರಲಿಲ್ಲ.

ನೀರಿನಲ್ಲಿ ಕರಿಯ ಎಳೆಯೊಂದು ತೇಲಿತು. ಲಕೋಟೆಯತ್ತ ಹರಿಯಿತು. ಹಳೆಯ ವಿಳಾಸದ ಮೇಲೆ ಅಚ್ಚೊತ್ತಿದಂತೆ ಕೂತಿತು. ಸೌ. ಬನಶಂಕರಿ ಕಾಶಪ್ಪ. ಕೆರೂರ.

ಹರಿದುಹಾಕಲು ಕೈ ಚಾಚಿದ. ಲಕೋಟೆ ಇರಲಿಲ್ಲ. ಬೋಗುಣಿಯಲ್ಲಿ ನೀರೂ ಇರಲಿಲ್ಲ.

ಓಡಿದ. ಬಸ್ಸು ಹಿಡಿದ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿದ. ದಾರಿಯುದ್ದಕ್ಕೂ ಒಂದೇ ಮೊರೆ: ಅವಳು ಬದುಕಿರಲಿ, ಚೀಟಿಗಳ ಆಲ್ಬಮ್ಮು ಸುಟ್ಟುಹಾಕುತ್ತೇನೆ, ಅವಳೊಬ್ಬಳು ಬದುಕಿರಲಿ. ಕಂಡಕ್ಟರು ಅವನನ್ನು ದಾಟಿ ಹಿಂದಿನ ಸೀಟಿಗೆ ಹೋದ. ಟಿಕೀಟು ಕೇಳಲೇ ಇಲ್ಲ.

ಸಂಜೆ. ಅವಳು ಬದುಕಿದ್ದಳು. ತವರಿನ ಹೊಸ್ತಿಲ ಹೊರಗೆ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಸಂತೋಷಕ್ಕೆ ಅವನಿಗೆ ಅಳುವೇ ಬಂತು.

"ಬನಶಂಕರಿ!"

ತಿರುಗಲಿಲ್ಲ. ಅವಳ ಇನ್ನೊಂದು ಕೈಯಲ್ಲಿ ಆ ಲಕೋಟೆ. ಆಗ ಅವನಿಗೆ ಹೊಳೆಯಿತು. ಆ ಕಾಗದ ಮೊದಲು ಬಂದದ್ದೂ ಹೆಂಡತಿಗೇ, ಮುದುಕಿಯ ಅವ್ವನಿಗೆ. ಸತ್ತವನು ಗಂಡ.

"ನಾ ಇಲ್ಲೇ ಅದೇನಿ! ನೋಡಿಲ್ಲೆ!"

ಅವಳು ಕಾಗದವನ್ನು ಉದ್ದಕ್ಕೆ ಹರಿದಳು. ಅಡ್ಡಕ್ಕೆ ಹರಿದಳು.

"ಏನಂತ ಕಾಗದ?" ಒಳಗಿನಿಂದ ಅವಳ ತಾಯಿ ಕೇಳಿದಳು.

"ನಮ್ಮನಿಯವರು ಹೋದ್ರಂತ," ಎಂದಳು ಬನಶಂಕರಿ, ಬಹಳ ದಣಿದ ದನಿಯಲ್ಲಿ. "ಹಂಡ್ಯಾಗ ನೀರು ಅದಾವೇನು, ಯವ್ವಾ?"