ಕ್ಯಾಪ್ಟನ್ ಮರೆತ ಮಾತು

"ಈಗ ಸಮಾಧಾನ ಆಯ್ತಾ ಡಾಕ್ಟ್ರೇ?"

ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತಮೂರು ಆಟಗಾರರಿದ್ದರು. ಐಸ್ ತುಂಬಿದ ಚೀಲ ಹಿಡಿದು ಒಳಗೆ ಬರುತ್ತಿದ್ದ ತಂಡದ ಡಾಕ್ಟರ್ ಬಾಗಿಲಲ್ಲೇ ನಿಂತಳು.

ಕೇಳಿದವನು ಕ್ಯಾಪ್ಟನ್. ದೇಶದ ಫುಟ್‌ಬಾಲ್ ತಂಡದ ಡಿಫೆನ್ಸ್‌ನಲ್ಲಿ ಹನ್ನೊಂದು ವರ್ಷ ನಟ್ಟನಡುವೆ ನಿಂತವನು. ಜನ ಅವನಿಗಿಟ್ಟ ಹೆಸರು ಗೋಡೆ. ಇವತ್ತು ಆ ಗೋಡೆ ಜೆರ್ಸಿ ಹಾಕದೆ, ತೊಂಬತ್ತು ನಿಮಿಷವೂ ಬೆಂಚಿನ ಮೇಲೆ ಕೂತು ನೋಡಿತ್ತು. ತಂಡ ಮೂರು ಗೋಲುಗಳಿಂದ ಸೋತು ಟೂರ್ನಿಯಿಂದಲೇ ಹೊರಬಿದ್ದಿತ್ತು.

"ಮೂರು ಗೋಲು. ಮೂರೂ ನಾನು ನಿಲ್ಲೋ ಜಾಗದಿಂದಲೇ ಹೋಯ್ತು. ನಿಮ್ಮ ಒಂದು ಕೆಂಪು ಚೀಟಿಗೆ ಇಷ್ಟು ಜನ ಗಂಟುಮೂಟೆ ಕಟ್ತಿದ್ದಾರೆ, ನೋಡಿ."

"ನಿಮ್ಮ ತಲೆಗೆ ಪೆಟ್ಟಾಗಿತ್ತು," ಎಂದಳು ಅವಳು.

"ಹನ್ನೊಂದು ವರ್ಷದಿಂದ ಪೆಟ್ಟು ತಿಂದೇ ಬದುಕಿದ್ದೀನಿ. ನಿಮಗೆ ಆಟಾನೂ ಗೊತ್ತಿಲ್ಲ, ಆಟಗಾರರೂ ಗೊತ್ತಿಲ್ಲ. ಹೆದರೋದು ಒಂದು ಗೊತ್ತು."

ಅವಳು ತಿರುಗಿ, ಕಾಲು ಊದಿಸಿಕೊಂಡು ಕೂತಿದ್ದ ಗೋಲ್‌ಕೀಪರ್ ಮುಂದೆ ಮಂಡಿಯೂರಿ ಐಸ್ ಕಟ್ಟಿದಳು. ಬೆರಳು ಮರಗಟ್ಟಿದ್ದು ಐಸಿನಿಂದಲೋ ಆ ಮಾತಿನಿಂದಲೋ ಗೊತ್ತಾಗಲಿಲ್ಲ.

ನಾಲ್ಕು ದಿನದ ಹಿಂದೆ ಇದೇ ಬಾಯಿ ಏನು ಹೇಳಿತ್ತು... ಅದು ಅವನಿಗೆ ನೆನಪಿಲ್ಲವಲ್ಲ!

ಆ ತಂಡದಲ್ಲೊಂದು ಕ್ರಮವಿತ್ತು. ಪಂದ್ಯಕ್ಕೆ ಮುಂಚೆ ಡಾಕ್ಟರ್ ಪ್ರತಿ ಆಟಗಾರನನ್ನೂ ಪರೀಕ್ಷಿಸಿ, ಬೋರ್ಡಿನಲ್ಲಿ ಅವನ ನಂಬರಿನ ಮುಂದೆ ಚೀಟಿ ಅಂಟಿಸಬೇಕು. ಹಸಿರಾದರೆ ಆಡಬಹುದು, ಕೆಂಪಾದರೆ ಇಲ್ಲ. ಕೆಂಪು ಅಂಟಿಸಿದವರೇ ಅದನ್ನು ಕೀಳಬೇಕು. ಕೋಚ್ ಬಂದರೂ ಅಷ್ಟೇ, ಫುಟ್‌ಬಾಲ್ ಮಂಡಳಿಯ ಅಧ್ಯಕ್ಷರು ಬಂದರೂ ಅಷ್ಟೇ.

ಎರಡನೇ ಪಂದ್ಯದಲ್ಲಿ ಎದುರಾಳಿಯ ಮೊಣಕೈ ಕ್ಯಾಪ್ಟನ್ನನ ಹಣೆಗೆ ಬಡಿದಿತ್ತು. ಕೊನೇ ನಿಮಿಷ, ಯಾರೂ ಹೆಚ್ಚು ಗಮನಿಸಲಿಲ್ಲ. ಪಂದ್ಯ ಮುಗಿದ ಮೇಲೆ ಅವನು ತಾನೇ ನಡೆದುಕೊಂಡು ಅವಳ ಕೋಣೆಗೆ ಬಂದ. ಕಿವಿಯವರೆಗೂ ನಗು.

"ಡಾಕ್ಟ್ರೇ, ಒಂದು ನಿಜ ಹೇಳ್ಲಾ? ಎಲ್ಲೂ ನೋವಿಲ್ಲದಿದ್ರೂ ನೋವು ಅಂತ ಹೇಳ್ಕೊಂಡು ಎರಡು ವರ್ಷದಿಂದ ಈ ರೂಮಿಗೆ ಬರ್ತಿದ್ದೀನಿ. ಸುಳ್ಳು ಹೇಳಿ ಸಾಕಾಗಿದೆ. ನನ್ನ ಮದುವೆ ಆಗ್ತೀರಾ?"

ಎರಡು ವರ್ಷದಿಂದ ಅವನ ಆ ಸುಳ್ಳು ನೋವುಗಳಿಗೆ ಮುಲಾಮು ಹಚ್ಚುತ್ತಾ, ಈ ಮಾತು ಇವತ್ತು ಬರುತ್ತದೋ ನಾಳೆ ಬರುತ್ತದೋ ಎಂದು ಕಾದವಳು. "ಹೂಂ," ಎಂದುಬಿಟ್ಟಳು. ನಾಚಿಕೆಯಿಂದ ತಿರುಗಿ, ಬೇಡದಿದ್ದರೂ ಹತ್ತಿ ತೆಗೆಯಲು ಕಪಾಟು ತೆರೆದಳು.

"ಡಾಕ್ಟ್ರೇ, ಒಂದು ನಿಜ ಹೇಳ್ಲಾ?" ಎಂದ ಅವನು ಹಿಂದಿನಿಂದ.

ಅದೇ ನಗು. ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ತಮಾಷೆ ಮಾಡುತ್ತಿದ್ದಾನೆಂದು ಅವಳೂ ನಕ್ಕಳು. ಹತ್ತು ನಿಮಿಷ ಬಿಟ್ಟು ಅವನು ಅದನ್ನೇ ಮೂರನೇ ಸಲ, ಜೀವಮಾನದಲ್ಲಿ ಮೊದಲ ಸಲ ಹೇಳುವವನಂತೆ, ಬೆವರುತ್ತಾ ಹೇಳಿದ. ಅವಳ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

ಮರುದಿನ ಬೆಳಿಗ್ಗೆ ಅವನಿಗೆ ಒಂದೂ ನೆನಪಿರಲಿಲ್ಲ. ಅವಳು ಕೆಂಪು ಚೀಟಿ ಅಂಟಿಸಿದಳು.

* * *

ಊರಿಗೆ ಮರಳಿದ ಮೇಲೆ ಅವಳ ಪಾಡು ಯಾರಿಗೂ ಬೇಡ. ವಿಮಾನ ನಿಲ್ದಾಣದಲ್ಲಿ ಆಟಗಾರರಿಗೆ ಧಿಕ್ಕಾರ ಕೂಗಿದವರು ಅವಳತ್ತ ನೀರಿನ ಬಾಟಲಿ ಎಸೆದರು. ಅಷ್ಟು ಸಾಲದೆಂಬಂತೆ ಕ್ಯಾಪ್ಟನ್ ಟಿವಿಯವರ ಮುಂದೆ, "ನನಗೇನೂ ಆಗಿರಲಿಲ್ಲ. ಯಾಕೆ ಕೂರಿಸಿದ್ರು ಅಂತ ಡಾಕ್ಟರನ್ನೇ ಕೇಳಿ" ಎಂದ. ಸೋಲಿನ ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ ಕೈತೊಳೆದುಕೊಂಡ.

ಅವಳು ಅಕ್ಕ ಭಾವನ ಮನೆಯಲ್ಲಿದ್ದಳು. ಅಕ್ಕ ಟೈಲರ್. ಮುಂದಿನ ಕೋಣೆಯಲ್ಲೇ ಹೊಲಿಗೆ ಮಷೀನು.

"ಬ್ಲೌಸಿನ ಅಳತೆ ಕೊಡೋಕೆ ಬಂದವಳೂ ನಿನ್ನ ಬಗ್ಗೆ ಕೇಳ್ತಾಳೆ ಕಣೇ," ಎಂದಳು ಅಕ್ಕ ಹಲ್ಲಿನಲ್ಲಿ ದಾರ ಕತ್ತರಿಸುತ್ತಾ. "ನಾನೂ ಸಿಟ್ಟಿಗೆ ಅವಳ ಕತ್ತು ಎರಡಿಂಚು ಬಿಗಿಯಾಗಿ ಹೊಲ್ದೆ."

"ಪಾಪ, ಅವರೇನು ಮಾಡಿದ್ರಕ್ಕಾ."

"ಅವಳು ಪಾಪ, ಅವನೂ ಪಾಪ. ನೀನೊಬ್ಬಳು ಬಿಟ್ಟು ಊರೆಲ್ಲ ಪಾಪ. ಅವನು ಮರೆತಿದ್ದು ಏನು ಅಂತ ಬಾಯಿಬಿಟ್ಟು ಹೇಳೋಕೇನು ನಿನಗೆ?"

ಹೇಗೆ ಹೇಳುವುದು? ಆ ಮಾತು ಅವನ ಮನಸ್ಸಿನದೋ, ಪೆಟ್ಟು ಬಿದ್ದ ಮೆದುಳಿನದೋ... ಅವಳಿಗೇ ಗೊತ್ತಿರಲಿಲ್ಲ. ಅದನ್ನು ತಿಳಿಯದೆ ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಒಂದು ವಾರದ ಮೇಲೆ ಫುಟ್‌ಬಾಲ್ ಮಂಡಳಿಯಲ್ಲಿ ವಿಚಾರಣೆ ನಡೆಯಿತು. ಉದ್ದನೆ ಮೇಜಿನ ಆಚೆ ಕಾರ್ಯದರ್ಶಿ, ಕೋಚ್, ಕ್ಯಾಪ್ಟನ್. ಈಚೆ ಅವಳೊಬ್ಬಳು.

"ಟೂರ್ನಿ ಹೋಯ್ತು, ಬಿಡಿ," ಎಂದರು ಕಾರ್ಯದರ್ಶಿ. "ವಿಶ್ವಕಪ್ ಅರ್ಹತೆ ಇನ್ನೂ ಕೈಲಿದೆ. ಕೊನೇ ಪಂದ್ಯ ಹನ್ನೆರಡು ದಿನಕ್ಕೆ, ನಮ್ಮ ಮೈದಾನದಲ್ಲೇ. ಎರಡು ಗೋಲು ಅಂತರದಲ್ಲಿ ಗೆಲ್ಲಲೇಬೇಕು. ಗೋಡೆ ಇಲ್ಲದೆ ಅದು ಆಗದ ಮಾತು. ನೀವು ನೋಡಿದ್ರೆ 'ನೆನಪು ಹೋಗಿದೆ' ಅಂತ ಬರೆದಿದ್ದೀರಿ. ಏನು ಮರೆತ ಅವನು? ಒಂದೇ ಒಂದು ಉದಾಹರಣೆ ಕೊಡಿ."

"ಹೇಳಿದ್ದನ್ನೇ ಹೇಳ್ತಿದ್ರು ಸಾರ್."

"ಏನಂತ?"

ಅವಳು ಕ್ಯಾಪ್ಟನ್ ಕಡೆ ನೋಡಿದಳು. ಅವನು ಕೈಕಟ್ಟಿ ಕೂತಿದ್ದ. "ಹೇಳಿ ಡಾಕ್ಟ್ರೇ, ನನಗೂ ಕೇಳ್ಬೇಕು," ಎಂದ.

ಆಗ ಅವಳು ಹೇಳಿದಳು. ಅವನ ಮಾತನ್ನೇ, ಅವನು ಹೇಳಿದ ಹಾಗೇ. ಎರಡು ವರ್ಷ, ಸುಳ್ಳು ನೋವು, ಮದುವೆ, ಎಲ್ಲವನ್ನೂ. ಮೇಜಿನ ಕಡೆಯೇ ನೋಡುತ್ತಾ ಹೇಳಿ ಮುಗಿಸಿ, ಕೊನೆಗೆ ಕಣ್ಣೆತ್ತಿದಳು.

ಕ್ಯಾಪ್ಟನ್ ನಕ್ಕ. ಸಣ್ಣಗಲ್ಲ, ಕುರ್ಚಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ತಲೆಗೆ ಪೆಟ್ಟು ಬಿದ್ದಿದ್ದು ನನಗೋ ಇವರಿಗೋ ಸಾರ್?"

ಕೋಚ್‌ಗೂ ನಗು ತಡೆಯಲಾಗಲಿಲ್ಲ. ಕಾರ್ಯದರ್ಶಿ ಮಾತ್ರ ಕನ್ನಡಕ ತೆಗೆದು, "ನಿಮಗೆ ಮದುವೆ ಆಸೆ ಇದ್ರೆ ಮನೇಲಿ ಹೇಳ್ಕೋಬೇಕಿತ್ತಮ್ಮ, ವರದಿಲಿ ಬರೆಯೋದಲ್ಲ," ಎಂದರು. "ಪಂದ್ಯಕ್ಕೆ ಎರಡು ದಿನ ಮುಂಚೆ ಮತ್ತೆ ಪರೀಕ್ಷೆ ಮಾಡಿ. ಹಸಿರು ಚೀಟಿ ಅಂಟಿಸಿದ್ರೆ ಈ ಕಥೆ ಇಲ್ಲಿಗೇ ಮುಗೀತು. ಇಲ್ಲದಿದ್ರೆ ನಿಮ್ಮ ಕೆಲಸ ಮುಗೀತು."

ಹೊರಗೆ ಬಂದವಳು ಯಾರತ್ತಲೂ ನೋಡದೆ ಮೆಟ್ಟಿಲಿಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನಗಬಾರದಿತ್ತು ಅವನು.

* * *

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಬಂದ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ, ಮದುವಣಿಗನ ಹಾಗೆ. ಅವಳು ಮುಖ ನೋಡದೆ ಫೈಲು ತೆರೆದಳು.

"ಐದು ಪದ ಹೇಳ್ತೀನಿ. ತಿರುಗಿ ಹೇಳಿ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳ್ತೀನಿ. ಹಗ್ಗ, ಕನ್ನಡಿ, ಮರಳು, ಗಡಿಯಾರ, ನಿಂಬೆಹಣ್ಣು."

"ಹಗ್ಗ, ಕನ್ನಡಿ, ಮರಳು, ಗಡಿಯಾರ, ನಿಂಬೆಹಣ್ಣು." ನೀರು ಕುಡಿದಷ್ಟು ಸಲೀಸಾಗಿ ಹೇಳಿದ.

ಒಂಟಿಕಾಲಿನಲ್ಲಿ ನಿಲ್ಲಿಸಿದಳು. ನಿಂತ. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳ ಹೆಸರು ಕೇಳಿದಳು. ಹೇಳಿದ. ಹತ್ತು ನಿಮಿಷವಾಯಿತು. ಅಂಟಿಸಿಬಿಡುತ್ತೇನೆ, ಹಸಿರೇ ಅಂಟಿಸುತ್ತೇನೆ, ಇವನ ಸಹವಾಸವೇ ಬೇಡ ಎಂದು ಅವಳ ಮನಸ್ಸು ಹೇಳುತ್ತಿತ್ತು.

"ಆ ಐದು ಪದ?"

"ಸೇಬು, ಹಾಸಿಗೆ, ಕುದುರೆ, ಬಾಗಿಲು, ಚಮಚ," ಎಂದ ಕ್ಯಾಪ್ಟನ್, ಎದೆಯುಬ್ಬಿಸಿ.

ಅವಳ ಪೆನ್ನು ನಿಂತಿತು.

ಅದು ಹಳೆಯ ಪಟ್ಟಿ. ವರ್ಷಗಳಿಂದ ಅದನ್ನೇ ಕೇಳುತ್ತಿದ್ದದ್ದು. ಆಟಗಾರರೆಲ್ಲ ಅದನ್ನು ಒಬ್ಬರಿಂದೊಬ್ಬರು ಕೇಳಿ ಬಾಯಿಪಾಠ ಮಾಡುತ್ತಾರೆಂದು ತಿಳಿದೇ ಅವಳು ಇವತ್ತು ಹೊಸ ಪಟ್ಟಿ ತಂದಿದ್ದಳು. ಹೊಸದನ್ನು ಹತ್ತು ನಿಮಿಷದ ಹಿಂದೆ ತನ್ನ ಬಾಯಿಂದಲೇ ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಪಟ್ಟಿ ಬದಲಾಗಿದೆ ಎಂಬುದೂ ನೆನಪಿರಲಿಲ್ಲ.

"ಯಾರು ಹೇಳ್ಕೊಟ್ರು?" ಎಂದು ಕೇಳಿದಳು.

ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. "ಗೋಲ್‌ಕೀಪರ್. ವಾರದಿಂದ ಉರು ಹೊಡೀತಿದ್ದೀನಿ." ದನಿ ಕುಸಿಯಿತು. "ಹೊಸದು ಹೇಳಿದ್ರಾ ಇವತ್ತು?"

"ಹೂಂ. ನೀವು ತಿರುಗಿ ಹೇಳಿದ್ರಿ ಕೂಡ."

ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮೂರು ವಾರದಿಂದ ತಲೆನೋವು ಎಂದ. ಮನೆಯ ಬೀದಿ ತಪ್ಪಿ ಎರಡು ಸಲ ತಮ್ಮನಿಗೆ ಫೋನ್ ಮಾಡಿದೆ ಎಂದ. "ಇದೊಂದು ಪಂದ್ಯ ಆಡ್ಸಿ ಡಾಕ್ಟ್ರೇ. ನನಗೆ ಮೂವತ್ಮೂರು. ಈ ಸಲ ವಿಶ್ವಕಪ್ಪಿಗೆ ಹೋಗದಿದ್ರೆ ಮುಂದಿನದಕ್ಕೆ ನಾನಿರಲ್ಲ."

"ಇನ್ನೊಂದು ಪೆಟ್ಟು ಬಿದ್ರೆ ನೀವೇ ಇರಲ್ಲ."

ಅವನು ನೆಲ ನೋಡುತ್ತಾ ಹೇಳಿದ. "ಅವತ್ತು ಮಂಡಳಿಲಿ ನಾನು ನಕ್ಕೆನಲ್ಲ... ನೀವು ಹೇಳಿದ್ದು ಸುಳ್ಳು ಅಂತ ನಕ್ಕಿದ್ದಲ್ಲ. ಆ ಮಾತು ನನ್ನದೇ. ಎರಡು ವರ್ಷದಿಂದ ಕನ್ನಡಿ ಮುಂದೆ ನಿಂತು ತಿದ್ದಿ ತಿದ್ದಿ ಇಟ್ಟಿದ್ದೆ. ಅರ್ಹತೆ ಸಿಕ್ಕ ದಿನ ಹೇಳೋಣ ಅಂತ. ಯಾರಿಗೂ ಹೇಳಿರಲಿಲ್ಲ. ಅದನ್ನ ನೀವು ಒಂದಕ್ಷರ ಬಿಡದೆ ಒಪ್ಪಿಸಿದ್ರಿ. ನನ್ನ ತಲೆ ಕೆಟ್ಟಿದೆ ಅಂತ ಆ ಕ್ಷಣಕ್ಕೇ ಗೊತ್ತಾಯ್ತು. ಒಪ್ಕೊಂಡ್ರೆ ನಿಮ್ಮ ಕೆಂಪು ಚೀಟಿ ನಿಜ ಆಗ್ತಿತ್ತು. ಅದಕ್ಕೇ ನಕ್ಕೆ."

ಎಷ್ಟು ದಿನದಿಂದ ಕಾದಿದ್ದ ಉತ್ತರ! ಅವನ ಮನಸ್ಸಿನದೇ ಮಾತು ಅದು. ಅವಳಿಗೆ ಕುಣಿಯಬೇಕೆನಿಸಬೇಕಿತ್ತು. ಆದರೆ ಅವಳು ಫೈಲು ಮುಚ್ಚಿದಳು.

"ಗೊತ್ತಿದ್ದೂ ನಕ್ರಾ?"

"ಹೂಂ."

"ನನ್ನನ್ನ ಅಷ್ಟು ಜನರ ಮುಂದೆ ಹುಚ್ಚಿ ಮಾಡಿದ್ದು... ಒಂದು ಪಂದ್ಯಕ್ಕೋಸ್ಕರ?"

ಅವಳು ಎದ್ದು ಬೋರ್ಡಿನ ಹತ್ತಿರ ಹೋಗಿ, ಅವನ ನಂಬರಿನ ಮುಂದಿದ್ದ ಮಾಸಿದ ಕೆಂಪು ಚೀಟಿ ಕಿತ್ತು, ಹೊಸ ಕೆಂಪು ಚೀಟಿ ಅಂಟಿಸಿದಳು.

"ಹೋಗಿ, ಕಾರ್ಯದರ್ಶಿಗೆ ಹೇಳಿ. ನನ್ನ ಕೆಲಸ ಮುಗೀತು ಅಂತಾನೂ ಹೇಳಿ. ಆಮೇಲೆ ಬೇಕಾದ್ರೆ ಇನ್ನೊಂದು ಸಲ ಎಲ್ಲರೂ ಸೇರಿ ನಗಿ."

ಅವನು ಹೋದ. ಅವಳು ಬಾಗಿಲು ಹಾಕಿಕೊಂಡು, ರೋಗಿಗಳು ಮಲಗುವ ಮಂಚದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಮಧ್ಯಾಹ್ನ ಅಕ್ಕನ ಫೋನು ಬಂತು. "ಟಿವಿ ಹಾಕೇ, ಬೇಗ."

ಕ್ಯಾಪ್ಟನ್ ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದ. ಮುಂದೆ ಹತ್ತಾರು ಮೈಕು. "ಡಾಕ್ಟರ್ ಹೇಳಿದ್ದು ನಿಜ. ನಾನು ಸುಳ್ಳು ಹೇಳಿದೆ. ಅವರನ್ನ ಗೇಲಿ ಮಾಡಿದೆ. ಅವತ್ತು ನಾನು ಮರೆತಿದ್ದು ನನ್ನ ಜೀವನದಲ್ಲಿ ಹೇಳಿದ ಒಂದೇ ಒಂದು ಒಳ್ಳೇ ಮಾತು. ನಾನು ಇನ್ನು ಆಡಲ್ಲ."

ಪತ್ರಕರ್ತನೊಬ್ಬ ಕೇಳಿದ. "ಹಾಗಾದ್ರೆ ಅರ್ಹತೆ ಕನಸು ಕೈಬಿಟ್ಟಂಗೇನಾ? ಗೋಡೆ ಬಿತ್ತಾ?"

"ಬಿತ್ತು ಅಂತಲೇ ಬರ್ಕೊಳ್ಳಿ," ಎಂದ ಕ್ಯಾಪ್ಟನ್.

ಕಾರ್ಯದರ್ಶಿಗೆ ಇನ್ನು ಅವಳನ್ನು ತೆಗೆಯುವ ಧೈರ್ಯ ಬರಲಿಲ್ಲ. ಕ್ಷಮೆ ಕೇಳುವ ದೊಡ್ಡ ಮನಸ್ಸೂ ಬರಲಿಲ್ಲ.

* * *

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಚೆಂಡಿಗೆ ಅದೆಲ್ಲ ಗೊತ್ತಿರುವುದಿಲ್ಲ.

ಅರ್ಹತೆಯ ಆ ಕೊನೇ ಪಂದ್ಯದಲ್ಲಿ ಎಂಬತ್ತೆಂಟನೇ ನಿಮಿಷದವರೆಗೂ ತಂಡ ಎರಡು ಗೋಲುಗಳಿಂದ ಮುಂದಿತ್ತು. ಇಡೀ ಮೈದಾನ ಎದ್ದು ನಿಂತಿತ್ತು. ಆಗ ಎದುರಾಳಿಗೊಂದು ಕಾರ್ನರ್ ಕಿಕ್ ಸಿಕ್ಕಿತು. ಚೆಂಡು ತೇಲಿಕೊಂಡು ಬಂದು ಗೋಲಿನ ಮುಂದೆ ನಟ್ಟನಡುವೆ ಇಳಿಯಿತು. ಹನ್ನೊಂದು ವರ್ಷ ಅಲ್ಲಿಂದ ಅದನ್ನು ತಲೆಕೊಟ್ಟು ಹೊರದಬ್ಬುತ್ತಿದ್ದವನು ಬೆಂಚಿನ ಮೇಲಿದ್ದ, ಡಾಕ್ಟರ್ ಪಕ್ಕದಲ್ಲಿ. ಅವನ ಕತ್ತು ತಾನಾಗಿ ಮುಂದಕ್ಕೆ ಚಾಚಿತು, ಚೆಂಡು ತನಗೇ ಬಂದಿದೆ ಎಂಬಂತೆ. ಅಲ್ಲಿ ಎದುರಾಳಿಯ ತಲೆ ಮೇಲೆದ್ದಿತು.

ಎರಡು–ಒಂದು. ಗೆದ್ದರು, ಆದರೆ ಒಂದೇ ಗೋಲಿನಿಂದ. ಅರ್ಹತೆ ಹೋಯಿತು.

ಜನ ಬೆಂಚಿನತ್ತ ತಿರುಗಿ ಇಬ್ಬರ ಹೆಸರೂ ಹಿಡಿದು ಬೈದರು. ಕಾಗದದ ಲೋಟಗಳು ಬಂದು ಬಿದ್ದವು. ಅವನು ಎದ್ದು ತನ್ನ ಜಾಕೆಟ್ಟನ್ನು ಅವಳ ತಲೆಯ ಮೇಲೆ ಹಿಡಿದ. ಅವಳು ಬೇಡವೆನ್ನಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ತನ್ನ ಕೋಣೆಯಲ್ಲಿ ಬ್ಯಾಂಡೇಜು ಸುತ್ತಿಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ.

"ನನ್ನ ಮೇಲೆ ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗ್ಬಹುದು?"

"ಗೊತ್ತಿಲ್ಲ. ತುಂಬ ದಿನ ಇರುತ್ತೆ ಅನ್ಸುತ್ತೆ." ಅವಳು ಬ್ಯಾಂಡೇಜು ಪಕ್ಕಕ್ಕಿಟ್ಟಳು. "ಒಳಗೆ ಬನ್ನಿ. ಕೋಪ ಬಂದಿದೆ ಅಂತ ಹೊರಗೆ ನಿಲ್ಲಿ ಅಂದಿಲ್ಲ ನಾನು."

ಅವನು ಬಂದು ಅವಳೆದುರು ಸ್ಟೂಲಿನ ಮೇಲೆ ಕೂತ. ದೊಡ್ಡ ಆಳು, ಮುದುರಿಕೊಂಡು ಕೂತಿದ್ದ.

"ಈಗ ಆಟಾನೂ ಇಲ್ಲ, ಕೊಡೋಕೆ ಏನೂ ಇಲ್ಲ ನನ್ನ ಹತ್ರ. ನೀವಂದ್ರೆ ಇಷ್ಟ, ಅದೊಂದಿದೆ." ಸ್ಟೂಲು ಹತ್ತಿರಕ್ಕೆ ಎಳೆದುಕೊಂಡ. "ಹೆದರಿಕೆ ಆಗುತ್ತೆ ಡಾಕ್ಟ್ರೇ. ನಾಳೆ ಬೆಳಿಗ್ಗೆ ಇದನ್ನೂ ಮರೆತು, ಮತ್ತೆ ಇದನ್ನೇ ಹೇಳ್ತಾ ಕೂತ್ರೆ?"

ಅವಳು ಅವನ ಹಣೆಯ ಮೇಲಿನ, ಪೆಟ್ಟು ಬಿದ್ದಿದ್ದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ಎಷ್ಟು ಸಲ ಬೇಕಾದ್ರೂ ಹೇಳಿ, ಕೇಳ್ತೀನಿ. ಇನ್ನೊಂದು ಸಲ ನಗಬೇಡಿ, ಅಷ್ಟೇ."